ಒತ್ತಾಸೆಗೆ ಕೂತವರು

ಈಗ ನಮ್ಮೂರಲ್ಲಿ ಗುಡುಗಿದರೆ ಯಾರೂ ಕೂರುವುದಿಲ್ಲ. ನಿಂತವರು ನಿಂತೇ ಇರುತ್ತಾರೆ, ಮಲಗಿದವರು ಮಗ್ಗುಲು ಬದಲಿಸಿ ಮತ್ತೆ ಗೊರಕೆ ಹೊಡೆಯುತ್ತಾರೆ, ನನ್ನ ಮೊಮ್ಮಗಳಂತೂ ಮೊಬೈಲು ಹಿಡಿದು ಮಿಂಚಿನ ಫೋಟೋ ತೆಗೆಯಲು ಮಹಡಿ ಹತ್ತುತ್ತಾಳೆ. ಮನೆಗಳು ಏಳುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಯಾಕೆ ಬಿಟ್ಟವು ಎಂದು ನನ್ನನ್ನು ಕೇಳಬೇಡಿ. ಯಾಕೆ ಏಳುತ್ತಿದ್ದವು ಎಂದೇ ನಾವು ಯಾವತ್ತೂ ಕೇಳಿದವರಲ್ಲ. ಆದರೂ ಯುಗಾದಿ ಕಳೆದು ಪಡುವಣದಲ್ಲಿ ಮೋಡ ಕಪ್ಪಿಟ್ಟಿತೆಂದರೆ ನನ್ನ ಮಂಡಿಗಳು ತಾವಾಗಿಯೇ ಮಡಚಿಕೊಳ್ಳುತ್ತವೆ. ಕೈಯಲ್ಲಿದ್ದ ಕೆಲಸ ಬಿಟ್ಟು ನಡುಮನೆಯ ನೆಲದ ಮೇಲೆ ಕೂತುಬಿಡುತ್ತೇನೆ. 'ಅಜ್ಜಿಗೆ ಮಂಡಿನೋವು' ಅನ್ನುತ್ತಾರೆ ಮನೆಯವರು. ಅನ್ನಲಿ, ನನಗೇನು ನಷ್ಟ.

ಜಿಟಿಜಿಟಿ ಮಳೆಗೆ ನಮ್ಮೂರ ಮನೆಗಳು ಜಗ್ಗುತ್ತಿರಲಿಲ್ಲ. ಅವಕ್ಕೆ ಆಗದಿದ್ದುದು ಗುಡುಗು. ಬೇಸಿಗೆಯ ಕೊನೆಯ ಗುಡುಗುಮಳೆ ಆರ್ಭಟಿಸಿತೆಂದರೆ ಮನೆಗಳು ತಳ ಬಿಡುತ್ತಿದ್ದವು. ಸಣ್ಣ ಗುಡುಗಿಗೆ ಬೆರಳಷ್ಟು, ದೊಡ್ಡದಕ್ಕೆ ಮೊಳದಷ್ಟು, ಒಳಗೆ ಸಾಕಷ್ಟು ಜನ ಇಲ್ಲದಿದ್ದರೆ ಹೋಗಿಯೇಬಿಟ್ಟವು. ಕಲ್ಲು ಹೇರಿ ಪ್ರಯೋಜನವಿರಲಿಲ್ಲ. ಗಿರಣಿ ಪರಮೇಶಯ್ಯನವರ ತಂದೆ ಒಮ್ಮೆ ಬುದ್ಧಿವಂತಿಕೆ ಮಾಡಿ, ನಡುಮನೆ ತುಂಬ ರಾಗಿಮೂಟೆ ಪೇರಿಸಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೀಗರ ಮನೆಗೆ ಹೋಗಿದ್ದರಂತೆ. ಮೂಟೆಗಳು ಸುತ್ತಲಿನ ಹೊಲಗಳಲ್ಲೆಲ್ಲ ಸಿಕ್ಕವು, ಮನೆ ಮಾತ್ರ ಸಿಗಲಿಲ್ಲ. ಮನೆ ನಿಲ್ಲಬೇಕಾದರೆ ಒಳಗೆ ಮನುಷ್ಯರು ಕೂರಬೇಕು. ನೆಲಕ್ಕೆ ಕುಂಡಿ ಊರಿ, ಎಚ್ಚರವಾಗಿ ಕೂರಬೇಕು. ನಿದ್ದೆ ಹೋದವರು ಲೆಕ್ಕಕ್ಕಿಲ್ಲ. ಗುಡುಗು ಶುರುವಾದ ಮೇಲೆ ಎದ್ದು ಹೋಗುವ ಹಾಗಿಲ್ಲ, ಎದ್ದವರ ಹಿಂದೆಯೇ ಮನೆಯೂ ಏಳುತ್ತದೆ.

ಎಲ್ಲ ಮನೆಗಳಲ್ಲೂ ಸಮನಾಗಿ ಜನ ಇರುತ್ತಾರೆಯೇ? ಒಂದು ಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಸಂಸಾರ, ಇನ್ನೊಂದರಲ್ಲಿ ಗಂಡ ಹೆಂಡತಿ ಇಬ್ಬರೇ. ಹಾಗಾಗಿ ಇದ್ದವರು ಇಲ್ಲದವರ ಮನೆಗೆ ಹೋಗಿ ಕೂರುವುದು ನಮ್ಮೂರ ಪದ್ಧತಿ. ಅದಕ್ಕೆ ಒತ್ತಾಸೆ ಅನ್ನುತ್ತಿದ್ದೆವು. 'ಈ ಸಲ ಒತ್ತಾಸೆಗೆ ಯಾರ ಮನೆ?' ಎಂದು ಬಾವಿಕಟ್ಟೆಯಲ್ಲಿ ಕೇಳುವುದು, ಬೇರೆ ಊರಿನವರು 'ಊಟ ಆಯ್ತಾ?' ಎಂದು ಕೇಳಿದಷ್ಟೇ ಸಲೀಸು. ದಪ್ಪಗಿರುವವರಿಗೆ ನಮ್ಮೂರಲ್ಲಿ ಸಿಗುತ್ತಿದ್ದ ಮರ್ಯಾದೆ ಮತ್ತೆಲ್ಲೂ ಸಿಗಲಾರದು. ಹೆಣ್ಣು ನೋಡಲು ಬಂದವರು ಬಣ್ಣ ನೋಡುತ್ತಿರಲಿಲ್ಲ, ಹುಡುಗಿ ಚಾಪೆಯ ಮೇಲೆ ಹೇಗೆ ಕೂರುತ್ತಾಳೆ ಎಂದು ನೋಡುತ್ತಿದ್ದರು.

ಒತ್ತಾಸೆಯ ಸುಖವನ್ನು ಹೇಗೆ ಹೇಳಲಿ? ಹೊರಗೆ ಆಕಾಶ ಬಾಯಿಬಿಡುತ್ತಿರುತ್ತದೆ, ಒಳಗೆ ನಾಲ್ಕು ಮನೆಯವರು ಮಂಡಿಗೆ ಮಂಡಿ ತಾಗಿಸಿ ಕೂತಿರುತ್ತಾರೆ. ಯಾರೂ ತೂಕಡಿಸಬಾರದೆಂದು ಒಗಟು ಹೇಳುವುದೇನು, ಊರ ಮೇಲಿನ ಸುದ್ದಿಯೇನು, ಮುದುಕಿಯರ ಪೋಲಿ ಹಾಡೇನು! ಮಾತು ಬಿಟ್ಟವರನ್ನು ಬೇಕೆಂದೇ ಒಂದೇ ಮನೆಗೆ ಹಾಕುತ್ತಿದ್ದರು. ಎದ್ದು ಹೋಗಲು ಆಗುವುದಿಲ್ಲ, ಎಷ್ಟು ಹೊತ್ತು ಗೋಡೆ ನೋಡುತ್ತಾರೆ? ಮಳೆ ನಿಲ್ಲುವಷ್ಟರಲ್ಲಿ 'ಎಲೆ ಅಡಿಕೆ ಐತಾ?' ಎಂದು ಒಬ್ಬರು ಕೇಳಿಯೇ ಕೇಳುತ್ತಿದ್ದರು. ನಮ್ಮೂರಲ್ಲಿ ಕೋರ್ಟು ಕಚೇರಿಗೆ ಹೋದ ಜಗಳ ನನಗೆ ನೆನಪಿಲ್ಲ.

ಯಾರು ಯಾರ ಮನೆಗೆ ಎಂದು ಹಂಚುತ್ತಿದ್ದವಳು ಹೊನ್ನಾಜಮ್ಮ. ಅವಳ ಅತ್ತೆ ಹಂಚುತ್ತಿದ್ದಳು, ಅತ್ತೆ ಕಣ್ಣು ಮುಚ್ಚಿದ ಮೇಲೆ ಇವಳು. ಗುಬ್ಬಿಯಷ್ಟು ಹೆಂಗಸು, ಮಾತು ಮಾತ್ರ ಗರಗಸ. ಮೋಡ ಕಟ್ಟುವ ಸೂಚನೆ ಕಂಡರೆ ಬೆಳಿಗ್ಗೆಯೇ ಮಡಿಲಲ್ಲಿ ವೀಳ್ಯದೆಲೆ ಕಟ್ಟಿಕೊಂಡು ಬೀದಿಗೆ ಇಳಿಯುತ್ತಿದ್ದಳು. 'ನೀನು ಕಮಲಜ್ಜಿ ಮನೆಗೆ' ಎಂದು ಒಂದು ಎಲೆ ಕೊಡುವುದು, ಇಸಿದುಕೊಂಡವರು ಅವಳ ಎದುರಿಗೇ ಅದನ್ನು ಅಗಿಯಬೇಕು. ಅಗಿದರೆ ಮಾತು ಕೊಟ್ಟ ಹಾಗೆ. ಅಗಿದು ತಪ್ಪಿಸಿಕೊಂಡವರು ಊರಲ್ಲಿ ಇರಲಿಲ್ಲ, ಆ ಒಂದು ದಿನದವರೆಗೆ.

ಅವಳಿಗೆ ಊರಲ್ಲಿ ಇನ್ನೊಂದು ಹೆಮ್ಮೆಯಿತ್ತು, ಅವಳ ಮನೆ. ಪ್ರತಿವರ್ಷ ಅಷ್ಟಿಷ್ಟು ಎದ್ದು ಕೂತು ಊರ ಮನೆಗಳೆಲ್ಲ ಸೊಟ್ಟಗಾಗಿದ್ದವು. ಒಂದು ಬಾಗಿಲು ಬೀದಿ ನೋಡಿದರೆ ಇನ್ನೊಂದು ಪಕ್ಕದ ಮನೆಯ ಬಚ್ಚಲು ನೋಡುತ್ತಿತ್ತು. ಹೊನ್ನಾಜಮ್ಮನ ಮನೆಯೊಂದೇ ಕಟ್ಟಿದ ದಿನ ಎಲ್ಲಿತ್ತೋ ಅಲ್ಲೇ ಇತ್ತು. ಅವಳೂ ಅವಳ ಗಂಡ ಮಾಯಣ್ಣನೂ ಸೇರಿ ಕಟ್ಟಿದ ಮನೆ. ಅವನು ಇಟ್ಟಿಗೆ ಕೊಯ್ದ, ಇವಳು ಮಣ್ಣು ತುಳಿದಳು. ಮಕ್ಕಳಾಗಲಿಲ್ಲ. ಮಾಯಣ್ಣ ಅದೇ ಮನೆಯ ಪಡಸಾಲೆಯಲ್ಲಿ ಇವಳ ತೊಡೆಯ ಮೇಲೆ ಪ್ರಾಣ ಬಿಟ್ಟ. ಆಮೇಲೆ ಎಂಥ ಗುಡುಗಿಗೂ ಅವಳು ಯಾರನ್ನೂ ಒತ್ತಾಸೆಗೆ ಕರೆದುಕೊಳ್ಳಲಿಲ್ಲ. ಒಬ್ಬಳೇ ಬಾಗಿಲ ಬಳಿ ಚಾಪೆ ಹಾಸಿ ಕೂರುತ್ತಿದ್ದಳು. ಮನೆ ಮಿಸುಕುತ್ತಿರಲಿಲ್ಲ. ಗುಬ್ಬಿ ತೂಕದ ಹೆಂಗಸಿಗೆ ಇಷ್ಟು ದೊಡ್ಡ ಮನೆ ಹೇಗೆ ನಿಲ್ಲುತ್ತದೆ ಎಂದು ಯಾರಾದರೂ ಕೇಳಿದರೆ, "ಅದುಕ್ಕೆ ನನ್ ಗುರುತೈತೆ ಕಣ್ರೋ" ಅನ್ನುತ್ತಿದ್ದಳು. ಊರಿಗೆ ಬಂದವರಿಗೆ ದಾರಿ ಹೇಳುವಾಗಲೂ ಹೊನ್ನಾಜಮ್ಮನ ಮನೆಯಿಂದಲೇ ಹೇಳುತ್ತಿದ್ದೆವು.

ನಾನು ಈ ಊರಿಗೆ ಬಂದವಳು, ಹುಟ್ಟಿದವಳಲ್ಲ. ನನ್ನ ಗಂಡ ಶಿವರುದ್ರ ಬಸ್ಸಿನ ಕಂಡಕ್ಟರು. ಮದುವೆಯಾದ ವರ್ಷ ಊರ ಕೊನೆಯಲ್ಲಿ, ಕೆರೆಯ ಕಡೆ, ಹೊಸದಾಗಿ ಎರಡಂಕಣದ ಹೆಂಚಿನ ಮನೆ ಕಟ್ಟಿಸಿದ. ಹೊಸ ಮನೆ ಹಗುರ ಎಂದು ಊರಲ್ಲಿ ಮಾತಿತ್ತು, ಹೊಸಬರು ಅದಕ್ಕಿಂತ ಹಗುರ ಎಂದೂ ಇತ್ತು. ಮೊದಲ ವರ್ಷ ನಾನು ಒತ್ತಾಸೆಗೆ ಕೂತ ಮನೆ ಗುಡುಗಿಗೆ ಹೊಯ್ದಾಡಿದಾಗ ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ಅತ್ತುಬಿಟ್ಟಿದ್ದೆ. ಹೊನ್ನಾಜಮ್ಮ ಬಂದು ನನ್ನ ಗಲ್ಲ ಹಿಡಿದು, "ಏ ವಿಶಾಲು, ಅಳ್ಬ್ಯಾಡ ಕಣಮ್ಮಿ. ಇನ್ನೂ ಈ ಊರ್ ನೀರು ಮೈಗೆ ಇಳ್ದಿಲ್ಲ. ಇಳೀತದೆ" ಅಂದಳು. ನನಗೆ ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಎರಡನೆಯ ವರ್ಷ ಮಗಳು ಹುಟ್ಟಿದಳು. ಬಾಣಂತನ ಮುಗಿಸಿ ತವರಿನಿಂದ ಮಗುವನ್ನು ಎತ್ತಿಕೊಂಡು ಬಂದ ಆ ಬೇಸಿಗೆ ಎಂಥ ಬೇಸಿಗೆ! ಬಾವಿಯ ಹಗ್ಗ ಮುಟ್ಟಿದರೆ ಕೈ ಚುರುಗುಟ್ಟುತ್ತಿತ್ತು. ಕಾಗೆಗಳು ಬಾಯಿ ತೆರೆದುಕೊಂಡೇ ಓಡಾಡುತ್ತಿದ್ದವು. ಒಂದು ಬೆಳಿಗ್ಗೆ ಹೋಟೆಲಿನ ರೇಡಿಯೋದಲ್ಲಿ, ಗುಡುಗು ಮಿಂಚು ಬಿರುಗಾಳಿಯಿಂದ ಕೂಡಿದ ಭಾರಿ ಮಳೆಯ ಸಂಭವವಿದೆ, ಮರದ ಕೆಳಗೆ ನಿಲ್ಲಬೇಡಿ, ಲೋಹದ ವಸ್ತುಗಳನ್ನು ಮುಟ್ಟಬೇಡಿ, ಮನೆಯೊಳಗೇ ಇರಿ ಎಂದು ಹೇಳಿದರು. "ಒಳಗಿರಿ ಅಂದ್ರು, ಕೂತ್ಕೊಳಿ ಅನ್ಲಿಲ್ವಲ್ಲ!" ಎಂದು ಹೋಟೆಲಿನವರು ನಕ್ಕರಂತೆ. ನಕ್ಕವರೂ ಎದ್ದು ಮನೆಗೆ ಹೋಗಿ ದನ ಬಿಚ್ಚಿ ಬಯಲಲ್ಲಿ ಕಟ್ಟಿದರು. ದನ ಮನೆಯೊಳಗಿದ್ದರೆ ಬೆದರಿ ಎದ್ದು ನಿಲ್ಲುತ್ತವೆ, ಅವುಗಳಿಗೆ ಯಾರು ಹೇಳುವುದು.

ಊರೆಲ್ಲ ಸಡಗರ. ಹಾಗೆನ್ನಬಾರದು, ಆದರೂ ಅದು ಸಡಗರವೇ. ಹೆಂಚಿನ ಮೇಲಿನ ಕುಂಬಳಕಾಯಿ ಇಳಿಸಿದರು, ಒಣಹಾಕಿದ ಹಪ್ಪಳ ಒಳಗೆ ತಂದರು, ಬಾವಿಗೆ ಮುಚ್ಚಳ ಹಾಕಿದರು. ನಡುಮನೆ ಸಾರಿಸಿ ಚಾಪೆ ಹಾಸಿದರು. ಜನ ತುಂಬಿದ ಮನೆಯ ಬಾಗಿಲ ಹೊರಗೆ ಒಂದು ಮೊರ ನೇತುಹಾಕಬೇಕು, ಅದು ಗುರುತು. ಎಲ್ಲರ ಮನೆಯ ಮೊರಗಳೂ ತೊಳೆದು ಜಗಲಿಯ ಮೇಲೆ ಸಿದ್ಧವಾಗಿದ್ದವು. ಹೊನ್ನಾಜಮ್ಮ ಎಲೆ ಹಂಚುತ್ತಾ ಬೀದಿಯುದ್ದಕ್ಕೂ ಬೈಯುತ್ತಾ ಬಂದಳು. "ಏಯ್ ಕಾಳಪ್ಪ, ಈ ಸಲ ಎಣ್ಣೆ ಹಾಕ್ಕೊಂಡ್ ಕೂತ್ರೆ ಹಲ್ಲುದುರಿಸ್ಬುಡ್ತೀನಿ. ಹೋದ್ಸಲ ಗೊರಕೆ ಹೊಡ್ದು ಆ ಮನೇನ ಎರಡ್ ಮಾರು ಸರಿಸ್ದೆ ನೀನು!"

ನನ್ನ ಗಂಡ ಬೆಳಗಿನ ಬಸ್ಸಿಗೆ ಹೋಗಿದ್ದ. ಮಧ್ಯಾಹ್ನ ವಾಪಸಾಗಬೇಕು, ಹೊಳೆಯಾಚೆ ಬಸ್ಸು ಕೆಟ್ಟಿದೆ ಎಂದು ಸುದ್ದಿ ಬಂತು. ಮನೆಯಲ್ಲಿ ನಾನು, ಕೈಗೂಸು. ಹೊನ್ನಾಜಮ್ಮ ನಮ್ಮ ಮನೆಗೆ ಟೈಲರ್ ಗಂಗಣ್ಣನನ್ನೂ ಅವನ ಹೆಂಡತಿಯನ್ನೂ ಹಾಕಿದಳು. ಗಂಗಣ್ಣ ಅಂದರೆ ಊರಿನ ಆಸ್ತಿ. ಅವನು ಹೊಲಿಗೆಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತರೆ ಸ್ಟೂಲು ಕಾಣುತ್ತಿರಲಿಲ್ಲ. ಮೃದು ಮನುಷ್ಯ, ಕೆಟ್ಟದ್ದು ಎಂಬುದು ಅವನಿಗೆ ಗೊತ್ತಿರಲಿಲ್ಲ, ಒಂದೇ ಒಂದು ದೌರ್ಬಲ್ಯ ಬಿಟ್ಟು. ಹೊನ್ನಾಜಮ್ಮನ ಎದುರಿಗೇ ಎಲೆ ಅಗಿದು, "ವಿಶಾಲಕ್ಕ, ಊಟ ಮಾಡ್ಕೊಂಡು ಬಂದ್ಬುಡ್ತೀನಿ. ನಾನಿರೋವಾಗ ನಿಮ್ಗ್ಯಾಕೆ ಯೋಚ್ನೆ" ಅಂದ. ನನಗೆ ನಿಜವಾಗಿಯೂ ಯೋಚನೆ ಹೋಯಿತು.

ಗಂಗಣ್ಣ ಊಟ ಮಾಡಲು ಹೋದದ್ದು ಗಿರಣಿ ಪರಮೇಶಯ್ಯನವರ ಮನೆಗೆ. ಅವರಿಗೆ ಆ ಮಳೆಯ ಸುದ್ದಿ ಕೇಳಿ ಹೆದರಿಕೆ ಹುಟ್ಟಿತ್ತು. ಅಪ್ಪನ ಕಾಲದಲ್ಲಿ ಒಂದು ಮನೆ ಕಳೆದುಕೊಂಡ ಮನೆತನ. ಹೊನ್ನಾಜಮ್ಮ ಕೊಟ್ಟ ಜನ ಸಾಲದೆಂದು ಅವರ ಹೆಂಡತಿ ಗುಟ್ಟಾಗಿ ಕಾಯಿಹೋಳಿಗೆ ಮಾಡಿಸಿ, 'ಬರೀ ರುಚಿ ನೋಡಿ ಹೋಗಿ' ಎಂದು ಗಂಗಣ್ಣನಿಗೆ ಹೇಳಿಕಳಿಸಿದ್ದಳು. ಒತ್ತಾಸೆಯ ದಿನ ತಿನ್ನಲು ಕೊಡಬಾರದೆಂಬ ನಿಯಮ ಊರಲ್ಲಿ ಯಾಕಿತ್ತು ಎಂಬುದು ನಮಗೆಲ್ಲ ಅವತ್ತು ಅರ್ಥವಾಯಿತು. ರುಚಿ ನೋಡಲು ಕೂತವನು ತುಪ್ಪ ಸುರಿದಂತೆಲ್ಲ ನೋಡುತ್ತಲೇ ಹೋದ. ಅವನ ಹೆಂಡತಿ ಅವನ ಅಂಗಿ ಎಳೆದೂ ಎಳೆದೂ ಸೋತಳು. ಅವನು ಕೈತೊಳೆಯಲು ಏಳುವ ಹೊತ್ತಿಗೆ ಪಡುವಣದಲ್ಲಿ ಮೊದಲ ಗುಡುಗು ಗುಡುಗಿಬಿಟ್ಟಿತು. ಇನ್ನು ಏಳುವಂತಿಲ್ಲ. ಎಂಜಲು ಕೈಯಲ್ಲೇ ಕೂತು ಅವನು ಗೊಳೋ ಎಂದು ಅತ್ತನಂತೆ.

ನಾನು ಚಾಪೆ ಹಾಸಿಕೊಂಡು ಕಾಯುತ್ತಿದ್ದೆ. ಬೆಳಕು ಮಂಕಾಗಿ, ಆಮೇಲೆ ಹಳದಿಯಾಗಿ, ಆಮೇಲೆ ಇಲ್ಲವೇ ಇಲ್ಲ. ನಡುಹಗಲು ಮುಗಿದು ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ. ಈಗ ಬಂದಾನು, ಈಗ ಬಂದಾನು ಎಂದುಕೊಂಡೆ. ಮಗುವನ್ನು ಎತ್ತಿಕೊಂಡು ಯಾರದಾದರೂ ಮನೆಗೆ ಓಡಿಬಿಡಬೇಕಿತ್ತು, ಆದರೆ ಎಲೆ ಅಗಿದವನು ಬರುವುದಿಲ್ಲ ಎಂದು ಯಾರು ಎಣಿಸಿದ್ದರು? ಮೊದಲ ಗುಡುಗಿಗೆ ಮನೆ ಕೆಮ್ಮಿದ ಹಾಗಾಯಿತು. ನಾನು ಮಗುವನ್ನು ಅವುಚಿಕೊಂಡು ಕೂತೆ. ಎರಡನೆಯ ಗುಡುಗಿಗೆ ಅಡುಗೆಮನೆಯ ಪಾತ್ರೆಗಳು ಒಂದು ಪಕ್ಕಕ್ಕೆ ಜಾರಿದವು. ತೆರೆದ ಬಾಗಿಲಿನಾಚೆ ಬೀದಿ ಕೆಳಗಿಳಿಯುತ್ತಾ ಇತ್ತು. ಇಳಿಯುತ್ತಿದ್ದುದು ಬೀದಿಯಲ್ಲ, ಏಳುತ್ತಿದ್ದುದು ನಾವು. ಧುಮುಕೋಣವೆಂದರೆ ಹೊಸಿಲು ಆಗಲೇ ಆಳೆತ್ತರಕ್ಕೆ ಹೋಗಿತ್ತು, ಕೈಯಲ್ಲಿ ಕೂಸು, ಆಲಿಕಲ್ಲು ಚಟಚಟನೆ ಬೀಳುತ್ತಿದ್ದವು.

ಹೊನ್ನಾಜಮ್ಮನ ಮನೆ ಬೀದಿಯ ನಡುವೆ, ಸ್ವಲ್ಪ ಎತ್ತರದಲ್ಲಿತ್ತು. ಅವಳು ಅಲ್ಲಿ ತನ್ನ ಚಾಪೆಯ ಮೇಲೆ ಕೂತು ಒಂದೊಂದೇ ಮನೆಯ ಮೊರ ನೋಡುತ್ತಾ ಬಂದಿದ್ದಳಂತೆ. ನಮ್ಮ ಬಾಗಿಲಿಗೆ ಮೊರ ಕಾಣಲಿಲ್ಲ. ಗಂಗಣ್ಣ ಮರೆತಿರಬೇಕು ಎಂದುಕೊಂಡಳು. ಆಮೇಲೆ ನಮ್ಮ ಮನೆಯ ಅಡಿಯಲ್ಲಿ ಕೆರೆಯ ನೀರು ಕಂಡಿತು. ಅವಳು ಎಷ್ಟು ಹೊತ್ತು ಯೋಚಿಸಿದಳು, ಏನು ಯೋಚಿಸಿದಳು, ನನಗೆ ಗೊತ್ತಿಲ್ಲ. ಎದುರುಮನೆಯ ಕಮಲಜ್ಜಿ ಕಿಟಕಿಯಿಂದ ನೋಡಿದ್ದನ್ನು ಆಮೇಲೆ ಹೇಳಿದಳು. ಹೊನ್ನಾಜಮ್ಮ ಎದ್ದು ನಿಂತಳಂತೆ, ಬಾಗಿಲ ಚೌಕಟ್ಟಿನ ಮೇಲೆ ಒಮ್ಮೆ ಅಂಗೈ ಇಟ್ಟಳಂತೆ, ಇಳಿದು ಓಡಿದಳಂತೆ. ಹಿಂತಿರುಗಿ ನೋಡಲಿಲ್ಲವಂತೆ.

ನಾನು ಕಂಡದ್ದು, ಆಲಿಕಲ್ಲಿನ ನಡುವೆ ತಲೆಯ ಮೇಲೆ ಸೆರಗು ಹೊದ್ದು ಬರುತ್ತಿದ್ದ ಒಂದು ಪುಟ್ಟ ಆಕಾರ. "ಏಳ್ಬ್ಯಾಡ ಕಣಮ್ಮೀ! ಕೂತಿರು! ಏಳ್ಬ್ಯಾಡ!" ಅಂದಳು. ಬಂದವಳೇ ಹಾರಿ ನಮ್ಮ ಹೊಸಿಲನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದಳು. ಮನೆ ಒಂದು ಕ್ಷಣ ಹೊಯ್ದಾಡಿತು. ಆಮೇಲೆ, ಹಸು ಮಂಡಿಯೂರುವ ಹಾಗೆ, ಮೊದಲು ಮುಂಭಾಗ, ಆಮೇಲೆ ಹಿಂಭಾಗ, ನೆಲಕ್ಕೆ ಬಂತು. ಅವಳು ತೆವಳಿಕೊಂಡು ಒಳಗೆ ಬಂದು ನನ್ನ ಪಕ್ಕದಲ್ಲಿ ಕೂತಳು. ಹಣೆಗೆ ಆಲಿಕಲ್ಲು ತಗುಲಿ ರಕ್ತ ಬರುತ್ತಿತ್ತು.

"ಮಗು ಮಲಗೈತಾ?" ಎಂದು ಕೇಳಿದಳು.

"ಇಲ್ಲ ಹೊನ್ನಜ್ಜಿ, ಎಚ್ಚರವಾಗಿದಾಳೆ."

"ಮಲಗುಸ್ಬ್ಯಾಡ. ಆ ಬೊಂಬೇನೂ ಇವತ್ತು ನಮ್ಗೆ ಬೇಕು." ಮಗುವನ್ನು ತನ್ನ ಮಡಿಲಿಗೆ ಎಳೆದುಕೊಂಡು, ಒದ್ದೆ ಸೆರಗಿನ ತುದಿಯಿಂದ ಅದರ ಅಂಗಾಲಿಗೆ ಕಚಗುಳಿ ಇಡತೊಡಗಿದಳು. ಅದು ಕಿಲಕಿಲ ನಕ್ಕಿತು. ಗುಡುಗು ನೆತ್ತಿಯ ಮೇಲೆ ಬಂದಿತ್ತು. ಹೆಂಚು ಹೆಂಚು ನಡುಗುತ್ತಿತ್ತು, ನೆಲ ಮಾತ್ರ ಅಲುಗಲಿಲ್ಲ.

ಆಗ ಕಿಟಕಿಯಾಚೆ ನಾನು ನೋಡಿದೆ. ಬೀದಿಯ ಮೇಲೆ ಹೊನ್ನಾಜಮ್ಮನ ಮನೆ ಬರುತ್ತಿತ್ತು. ನಿಧಾನವಾಗಿ, ಅವಸರವಿಲ್ಲದೆ, ಯಾರದೋ ಮದುವೆಗೆ ಹೊರಟ ಹಿರಿಯರ ಹಾಗೆ ಬರುತ್ತಿತ್ತು. ಬಾಗಿಲು ತೆರೆದೇ ಇತ್ತು. ಪಡಸಾಲೆಯ ಹಗ್ಗದ ಮೇಲೆ ಅವಳ ಹಸಿರು ಸೀರೆ ಬಡಿದುಕೊಳ್ಳುತ್ತಿತ್ತು. ನನ್ನ ಮುಖ ನೋಡಿ ಅವಳೂ ತಿರುಗಿ ನೋಡಿದಳು. ಮನೆ ನಮ್ಮ ಸೂರಿನ ಮೇಲೆ ಹಾದು, ಕೆರೆ ದಾಟಿ, ಮಳೆಯೊಳಗೆ ಬೂದುಬಣ್ಣವಾಗಿ ಹೋಯಿತು. ಎದ್ದರೆ ನಾವೂ ಏಳುತ್ತೇವೆ. ಅವಳು ಏಳಲಿಲ್ಲ. ಬಹಳ ಹೊತ್ತಿನ ಮೇಲೆ, "ಒಲೆ ಮ್ಯಾಲೆ ಹಾಲಿಟ್ಟಿದ್ದೆ" ಅಂದಳು. ಮತ್ತೆ ಮಗುವಿನ ಅಂಗಾಲಿಗೆ ಕಚಗುಳಿ ಇಟ್ಟಳು. ನಾನು ಅವಳ ಹೆಗಲಿಗೆ ಒರಗಿ ಅತ್ತೆ. ಅವಳು ಅಳಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು.

ಮಳೆ ನಿಂತ ಮೇಲೆ ಊರು ಅವಳ ಮನೆಯಿದ್ದ ಜಾಗಕ್ಕೆ ಬಂದು ನಿಂತಿತು. ಚೌಕಾಕಾರದ ಬರೀ ನೆಲ, ಅದರ ಮೇಲೆ ಮಳೆನೀರು ಹರಿಯುತ್ತಿತ್ತು. ಗಂಗಣ್ಣ ಬಂದು, ನಡೆದದ್ದೆಲ್ಲ ಹೇಳಿ, ಅವಳ ಕಾಲಿಗೆ ಬಿದ್ದ. ಅವಳು ಅವನನ್ನೇ ನೋಡಿ, "ಹೋಳ್ಗೆ ಹೆಂಗಿತ್ಲಾ?" ಅಂದಳು. ಅವನು ಬಿಕ್ಕುತ್ತಲೇ, "ಚೆನ್ನಾಗಿತ್ತವ್ವಾ" ಅಂದ. ಸುತ್ತ ನಿಂತವರಿಗೆ ನಗು ತಡೆಯಲಾಗಲಿಲ್ಲ, ನಕ್ಕ ಮೇಲೆ ಎಲ್ಲರೂ ಅತ್ತರು. ಪರಮೇಶಯ್ಯನವರ ಹೆಂಡತಿ ಒಂದು ತಿಂಗಳು ಬಾವಿಕಟ್ಟೆಗೆ ಬರಲಿಲ್ಲ.

ಊರವರೆಲ್ಲ ಸೇರಿ ಒಂದು ಮಾತು ಕೊಟ್ಟರು. ಮನೆ ಎಲ್ಲೇ ಸಿಗಲಿ, ತೊಲೆ ತೊಲೆ ಬಿಚ್ಚಿ ತಂದು ಅದೇ ಜಾಗದಲ್ಲಿ ಕಟ್ಟಿಕೊಡುತ್ತೇವೆ ಅಂದರು. ಸುಮ್ಮನೆ ಬಾಯಿಮಾತಲ್ಲ, ಹಗ್ಗ ಹಾರೆ ಗಾಡಿ ಎಲ್ಲ ತೆಗೆದಿಟ್ಟರು. ಅಲ್ಲಿಯವರೆಗೆ ಅವಳು ನಮ್ಮ ಮನೆಯಲ್ಲಿದ್ದಳು. ಇದ್ದಳು ಅಂದರೆ, ನೆಂಟರ ಹಾಗೆ ಇದ್ದಳು. ಗಂಟು ಬಿಚ್ಚಲಿಲ್ಲ, ಗಂಟಿನಲ್ಲಿ ಇದ್ದದ್ದೂ ಕಮಲಜ್ಜಿ ಕೊಟ್ಟ ಎರಡು ಸೀರೆ ಅಷ್ಟೆ. ನೀರು ಬೇಕಾದರೆ ನನ್ನನ್ನು ಕೇಳುತ್ತಿದ್ದಳು. ಊರನ್ನೇ ಗದರಿಸುತ್ತಿದ್ದ ಹೆಂಗಸು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ವಿಶಾಲು, ಒಂಚೂರು ಉಪ್ಪು ತಗೊಳ್ಳಾ?" ಎಂದು ಕೇಳುವಾಗ ನಾನು ಉಪ್ಪಿನ ಭರಣಿಯನ್ನೇ ಅವಳ ಕೈಗೆ ಕೊಟ್ಟುಬಿಡುತ್ತಿದ್ದೆ. ಸಂಜೆ ಹೊತ್ತು ಕೆರೆಯ ಏರಿಯ ಮೇಲೆ ನಿಂತು, ಮನೆ ಹೋದ ದಿಕ್ಕನ್ನು ನೋಡುತ್ತಿದ್ದಳು. "ಸಿಗ್ತದೆ ಬಿಡು. ಅದುಕ್ಕೆ ನನ್ ಬಿಟ್ ಇರಾಕಾಗಲ್ಲ" ಅನ್ನುತ್ತಿದ್ದಳು. ಸಿಗದಿದ್ದರೆ ಅವಳು ಬದುಕುವುದಿಲ್ಲ ಎಂದು ನನಗೆ ಹೆದರಿಕೆಯಾಗಿತ್ತು.

ಸುದ್ದಿ ತಂದವನು ನನ್ನ ಗಂಡ. ಹೊಳೆಯಾಚೆ, ಕಲ್ಲುಕ್ವಾರಿಯ ಬಳಿ, ಮೊನ್ನೆಯವರೆಗೆ ಏನೂ ಇಲ್ಲದ ಬಯಲಲ್ಲಿ ಒಂದು ಹೆಂಚಿನ ಮನೆ ಇದೆ ಎಂದು ಬಸ್ಸಿನವರು ಮಾತಾಡಿಕೊಂಡರಂತೆ. ಹೊನ್ನಾಜಮ್ಮ ಅವತ್ತು ಉಣ್ಣಲಿಲ್ಲ. ಮಾರನೆಯ ಬೆಳಿಗ್ಗೆ ತಲೆ ಸ್ನಾನ ಮಾಡಿ, ಇದ್ದ ಎರಡು ಸೀರೆಗಳಲ್ಲಿ ಒಳ್ಳೆಯದನ್ನು ಉಟ್ಟು ಸಿದ್ಧವಾಗಿ ನಿಂತಳು. ಮಗುವನ್ನು ಅದರಪ್ಪನ ಹತ್ತಿರ ಬಿಟ್ಟು ನಾನೂ ಹೊರಟೆ. ಗಾಡಿ ಹೊಡೆಯಲು ಗಂಗಣ್ಣ ತಾನೇ ಬಂದ. "ಎತ್ತುಗಳು ನಮ್ಮಿಬ್ರುನ್ನೂ ಎಳೀತವೆ, ನಿನ್ನ ಎಳ್ಯಾಕಿಲ್ಲ, ನೀನು ನಡ್ಕೊಂಡ್ ಬಾ" ಎಂದು ಅವಳು ಛೇಡಿಸಿದಳು. ಎಷ್ಟೋ ದಿನದ ಮೇಲೆ ಹಳೆಯ ಹೊನ್ನಾಜಮ್ಮನ ದನಿ ಕೇಳಿ ಗಂಗಣ್ಣ ಅರ್ಧ ದಾರಿ ನಿಜವಾಗಿಯೂ ನಡೆದ.

ಮನೆಯನ್ನು ದೂರದಿಂದಲೇ ಗುರುತು ಹಿಡಿದೆ. ಮೂಡಣಕ್ಕೆ ಮುಖ ಮಾಡಿದ್ದ ಬಾಗಿಲು ಈಗ ಪಡುವಣಕ್ಕಿತ್ತು, ಉಳಿದಂತೆ ಒಂದು ಹೆಂಚೂ ಸರಿದಿರಲಿಲ್ಲ. ಅಂಗಳದಲ್ಲಿ ಮಕ್ಕಳಿದ್ದವು, ಹಗ್ಗದ ಮೇಲೆ ಯಾರ ಯಾರದೋ ಬಟ್ಟೆ. ಹೊನ್ನಾಜಮ್ಮ ಗಾಡಿಯಿಂದ ಇಳಿದು ಅಂಗಳದ ಅಂಚಿಗೆ ಹೋಗಿ ನಿಂತಳು. ಒಳಗಿನಿಂದ ಒಬ್ಬ ಹೆಂಗಸು ಬಂದಳು, ಕೈಯೆಲ್ಲ ಕಲ್ಲಿನ ದೂಳು, ತುಂಬು ಬಸುರಿ. ನಮ್ಮನ್ನು ಕಂಡ ಕೂಡಲೇ ಅವಳ ಮುಖ ಇಳಿದುಹೋಯಿತು. ಇವತ್ತೋ ನಾಳೆಯೋ ಯಾರಾದರೂ ಬರುತ್ತಾರೆ ಎಂದು ಕಾಯುತ್ತಿದ್ದ ಮುಖ ಅದು.

"ಒಳಿಕ್ ಬನ್ನಿ ಅಮ್ಮ, ಕುಂತ್ಕಳಿ" ಅಂದಳು.

ಹೊನ್ನಾಜಮ್ಮ ತನ್ನ ಮನೆಯ ಹೊಸಿಲು ದಾಟಿ, ನೆಂಟಳ ಹಾಗೆ, ಅವಳು ಹಾಸಿದ ಗೋಣಿಚೀಲದ ಮೇಲೆ ಕೂತಳು. ನಾನೂ ಕೂತೆ. ಗಂಗಣ್ಣ ಬಾಗಿಲಲ್ಲೇ ನಿಂತ. ಹೆಂಗಸಿನ ಹೆಸರು ಎಲ್ಲವ್ವ. ಕ್ವಾರಿಯಲ್ಲಿ ಕಲ್ಲು ಒಡೆಯುವ ಜನ, ಸೋಗೆಯ ಗುಡಿಸಲುಗಳಲ್ಲಿದ್ದರು. ಆ ಗಾಳಿಗೆ ಗುಡಿಸಲುಗಳೆಲ್ಲ ಹಾರಿಹೋದವು, ಬಂಡೆಯ ಸಂದಿಯಲ್ಲಿ ಮಕ್ಕಳನ್ನು ಹೊಟ್ಟೆಯಡಿ ಹಾಕಿಕೊಂಡು ಕೂತಿದ್ದರು, ಮಳೆ ತೆಳುವಾದಾಗ ನೋಡಿದರೆ ಬಯಲಲ್ಲಿ ಮನೆ. ಇದನ್ನೆಲ್ಲ ಅವಳು ಒಂದೇ ಉಸಿರಿಗೆ ಹೇಳಿದಳು. "ನಾವ್ ಕದ್ದಿಲ್ಲಮ್ಮ. ಒಳಗಿದ್ ಸಾಮಾನು ಒಂದೂ ಮುಟ್ಟಿಲ್ಲ, ಎಲ್ಲಾ ಅಟ್ಟದ ಮ್ಯಾಲೆ ಎತ್ತಿಟ್ಟಿವ್ನಿ. ಯಜಮಾನ್ರು ಬಂದ್ರೆ ಬುಟ್ಟೋಯ್ತೀವಿ. ನಿಮ್ದಾ ಅಮ್ಮ ಮನೆ?"

ಮಕ್ಕಳು ಒಂದೊಂದಾಗಿ ಒಳಗೆ ಬಂದು ಗೋಡೆಗೆ ಒರಗಿ ಕೂತವು. ಒಂದು ಪುಟ್ಟದು ತೆವಳಿಕೊಂಡು ಬಂದು ಇವಳ ಮಂಡಿ ಹಿಡಿಯಿತು. ಎಲ್ಲವ್ವ ಒಲೆ ಹಚ್ಚಲು ಬೆಂಕಿಪೊಟ್ಟಣ ಹುಡುಕುತ್ತಿದ್ದಳು, ಎಲ್ಲಿಟ್ಟೆನೋ ಎಂದು ತಡಕಾಡುತ್ತಿದ್ದಳು. ಹೊನ್ನಾಜಮ್ಮ ಮಗುವನ್ನು ನೋಡುತ್ತಿದ್ದಳು. ನೋಡುತ್ತಲೇ ಅವಳ ಬಲಗೈ ಹಿಂದಕ್ಕೆ ಹೋಯಿತು, ಕಂಬದ ಹಿಂದಿನ ಗೂಡಿಗೆ ಇಳಿಯಿತು, ಅಲ್ಲಿದ್ದ ಬೆಂಕಿಪೊಟ್ಟಣವನ್ನು ತೆಗೆದು ಮುಂದೆ ಚಾಚಿತು. ನಾನು ಕೂತಲ್ಲಿಂದ ಆ ಗೂಡು ಕಾಣುತ್ತಲೇ ಇರಲಿಲ್ಲ. ಎಲ್ಲವ್ವ ಅದನ್ನು ಇಸಿದುಕೊಂಡು ಹಾಗೇ ನಿಂತಳು. ಬೆಂಕಿಪೊಟ್ಟಣವನ್ನು ನೋಡಿದಳು, ಇವಳ ಮುಖವನ್ನು ನೋಡಿದಳು.

"ಅಲ್ಲ ಕಣವ್ವ" ಅಂದಳು ಹೊನ್ನಾಜಮ್ಮ. "ನಮ್ಮನೇದು ಹೊಸ್ಲು ಇನ್ನೂ ಎತ್ತರ. ಬಾಗ್ಲೂ ಮೂಡ್ಲಾಗಿತ್ತು. ಇದಲ್ಲ."

ಎಲ್ಲವ್ವನಿಗೆ ಕಣ್ಣು ತುಂಬಿತು. ಅವಳು ನಂಬಲಿಲ್ಲ, ನಂಬದೆ ಸುಮ್ಮನಿರುವುದನ್ನು ಬಡವರು ಕಲಿತಿರುತ್ತಾರೆ. ಬಗ್ಗಿ ಹೊನ್ನಾಜಮ್ಮನ ಕಾಲು ಮುಟ್ಟಲು ಹೋದಳು. ಇವಳು ಕೈ ಹಿಡಿದು ತಡೆದಳು. "ಬಸುರಿ ಬಗ್ಗಬಾರ್ದು. ನಾನ್ ಹೇಳೋದ್ ಕೇಳು. ಗುಡುಗಿದ್ರೆ ಮನೆ ಮಂದಿಯೆಲ್ಲ ಇಲ್ಲಿ ನಡುಮನೇಲಿ ಕೂತ್ಕೋಬೇಕು. ಮಳೆ ನಿಲ್ಲೋಗಂಟ ಯಾರೂ ಏಳ್ಬಾರ್ದು. ಮಕ್ಳಿಗೆ ಕತೆ ಗಿತೆ ಹೇಳಿ ಎಚ್ಚರ್ವಾಗ್ ಇಟ್ಕೋ."

"ಯಾಕಮ್ಮ?"

"ಈ ಮನೆಗೆ ಗುಡುಗು ಅಂದ್ರೆ ಭಯ. ಒಬ್ಬೊಬ್ರೆ ಇದ್ರೆ ಹೆದ್ರಿಕೊಳ್ತದೆ." ಅಷ್ಟು ಹೇಳಿ ನೆಲಕ್ಕೆ ಅಂಗೈ ಊರಿ ಎದ್ದಳು. ಏಳುವಾಗ ಆ ಅಂಗೈಯನ್ನು ನೆಲದ ಮೇಲೆ ಸ್ವಲ್ಪ ಹೊತ್ತು ಬಿಟ್ಟಿದ್ದಳು. ತಾನು ತುಳಿದ ಮಣ್ಣಿನ ನೆಲ. ಎಲ್ಲವ್ವ ಕಾಸಿದ ಬೆಲ್ಲದ ನೀರನ್ನು ನಿಂತೇ ಕುಡಿದಳು.

ಗಾಡಿ ಹೊಳೆಯ ಕಡೆ ತಿರುಗಿದ ಮೇಲೂ ಅವಳು ಹಿಂದೆ ನೋಡಲಿಲ್ಲ. ಗಂಗಣ್ಣನಿಗೆ ತಡೆಯಲಾಗಲಿಲ್ಲ. "ಅವ್ವಾ, ನಂಗ್ ಕಣ್ ಕಾಣಲ್ವ? ಅದು ನಿಮ್ಮದೇ ಮನೆ. ಮಾಯಣ್ಣ ಮಾಡಿದ್ ಬಾಗ್ಲು ನಂಗ್ ಗೊತ್ತಿಲ್ವ? ಇಡೀ ಊರು ಗಾಡಿ ಕಟ್ಕೊಂಡ್ ಕಾಯ್ತೈತೆ. ಈಗ್ಲೂ ತಿರುಗುಸ್ತೀನಿ, ಒಂದ್ ಮಾತ್ ಹೇಳಿ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಒರೆಸಿದಷ್ಟೂ ಒದ್ದೆಯಾಗುತ್ತಿತ್ತು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಗಾಡಿಯ ಕುಲುಕಾಟಕ್ಕೆ ನನ್ನ ಮೈಗೆ ಅವಳ ಮೈ ತಾಗುತ್ತಿತ್ತು, ಗುಬ್ಬಿಯಷ್ಟು ಮೈ. ಹೊಳೆಯ ದಂಡೆಗೆ ಬರುವಾಗ ಊರಿನ ದಿಕ್ಕಿನಲ್ಲಿ ಮೋಡ ಎದ್ದಿತ್ತು. ದೂರದಲ್ಲಿ ಎಲ್ಲೋ ಗುಡುಗು ಹೊರಳಿದ ಸದ್ದು ಕೇಳಿಸಿತು. ಹೊನ್ನಾಜಮ್ಮ ನೆಟ್ಟಗೆ ಕೂತಳು. ಮೂಗು ಒರೆಸಿಕೊಂಡು, ಗಂಗಣ್ಣನ ಬೆನ್ನಿಗೆ ಗುದ್ದಿದಳು.

"ಬಿರ್ರನೆ ಹೊಡಿಯೋ ಹಾಳಾದವ್ನೆ. ನಮ್ಮನೇಲಿ ಅಪ್ಪ ಮಗಳು ಇಬ್ರೇ ಅವ್ರೆ."